ಇಂಜಿನ್ ಕೆಮ್ಮಿದಾಗ

“ಕೆಮ್ತು ಅಂತ ಎದ್ರುಕೊಂಡು ವಾಪಸ್ ತಳ್ಬುಟ್ಯೇನವ್ವಾ?”

ಅರಕಲಗೂಡಿನ ನಮ್ಮ ಸ್ಕೂಟರ್ ಮೆಕ್ಯಾನಿಕ್ ಜವರಣ್ಣ ಹೀಗೆ ಕೇಳಿದಾಗ ನನಗೆ ಅಳುವೇ ಬಂತು. ಪೈಲಟ್ ತರಬೇತಿಯಿಂದ ರಜೆಗೆ ಬಂದಿದ್ದ ನನಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ. ಅಪ್ಪನಿಗೂ ಹೇಳದ್ದನ್ನು ಸ್ಕೂಟರ್ ರಿಪೇರಿಗೆ ಹೋದವಳು ಇವರಿಗೆ ಹೇಳಿಬಿಟ್ಟಿದ್ದೆ.

ನಾವು ಕಲಿಯುವ ಪುಟ್ಟ ವಿಮಾನಕ್ಕೂ ಹಳೇ ಸ್ಕೂಟರಿನಂತೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇದೆ. ತೇವದ ಗಾಳಿಯಲ್ಲಿ ಅದರೊಳಗೆ ಮಂಜುಗಡ್ಡೆ ಕಟ್ಟುತ್ತದೆ. ಒಂದು ಗುಂಡಿ ಎಳೆದರೆ ಬಿಸಿಗಾಳಿ ನುಗ್ಗಿ ಅದನ್ನು ಕರಗಿಸುತ್ತದೆ. ಕರಗಿದ ನೀರು ಹಾದುಹೋಗುವಾಗ ಇಂಜಿನ್ ಇನ್ನಷ್ಟು ಮುಗ್ಗರಿಸುತ್ತದೆ. ಇದನ್ನೆಲ್ಲ ಓದಿ ಬಾಯಿಪಾಠ ಮಾಡಿದ್ದೆ. ಆದರೂ ಒಂದು ದಿನ ಹಾರುತ್ತಿದ್ದಾಗ ಗುಂಡಿ ಎಳೆದು, ಇಂಜಿನ್ ಕೆಮ್ಮಿ ನಡುಗಿದ್ದೇ ತಡ, ಅದನ್ನು ವಾಪಸ್ ಒಳಗೆ ತಳ್ಳಿಬಿಟ್ಟೆ. ಪಕ್ಕದಲ್ಲಿದ್ದ ಗುರುಗಳು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು.

ಜವರಣ್ಣ ಸ್ಕೂಟರಿನತ್ತ ತಿರುಗಿದರು. ಪೆಟ್ರೋಲಿಗೆ ಮಳೆನೀರು ಸೇರಿ ಕೈಕೊಟ್ಟಿದ್ದ ಅಪ್ಪನ ಸ್ಕೂಟರಿನ ಟ್ಯಾಂಕ್ ತೊಳೆದು, ಹೊಸ ಪೆಟ್ರೋಲ್ ಹಾಕಿ, ಕಿಕ್ಕರ್ ಒದ್ದರು. ಇಂಜಿನ್ ಕೆಮ್ಮಿ, ಇಡೀ ಗಾಡಿ ಅದುರಿತು. ಆರಿಸಲು ನನ್ನ ಕೈ ತಾನಾಗಿ ಕೀಲಿಯತ್ತ ಹೋಯಿತು. ಅವರು ಗ್ರೀಸ್ ಮೆತ್ತಿದ ಅಂಗೈಯನ್ನು ನನ್ನ ಕೈಯ ಮೇಲಿಟ್ಟು ತಡೆದರು.

“ಸಾಯಕ್ಕೆ ಕೆಮ್ತಿಲ್ಲ ಕಣವ್ವ. ಒಳಗಿರೋ ನೀರ ಉಗೀತೈತೆ. ಅಂಗೇ ಇರು.”

ಹಾಗೇ ಇದ್ದೆವು. ಸ್ವಲ್ಪ ಹೊತ್ತಿಗೆ ಸದ್ದು ಹದಕ್ಕೆ ಬಂತು.

ತರಬೇತಿಗೆ ಮರಳಿದವಳು ಹೋದ ವಾರ ಮೋಡದಂಚಿನಲ್ಲಿ ಮತ್ತೆ ಆ ಗುಂಡಿ ಎಳೆದೆ. ಇಂಜಿನ್ ಕೆಮ್ಮಿತು. ಗುಂಡಿ ಹಿಡಿದ ನನ್ನ ಕೈ ಮಾತ್ರ ಕದಲಲಿಲ್ಲ. ಅದರ ಮೇಲೆ, ಒಮ್ಮೆಯೂ ವಿಮಾನ ಹತ್ತದ ಜವರಣ್ಣನ ಕೈ ಇತ್ತು.