ಮಳೆಗಿಂತ ಮೊದಲು ಬಂದ ಗಾಳಿ

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಗಾಳಿ ಶುರುವಾಯಿತು. ಅಂದು ಭದ್ರಾವತಿಯಲ್ಲಿ ನನ್ನ ತಂಗಿಯ ಸೀಮಂತ. ಅವಳ ಗಂಡನ ಮನೆಯ ಅಂಗಳಕ್ಕೆ ಶಾಮಿಯಾನ ಹಾಕಿಸಿ, ಏಳು ತಿಂಗಳ ಬಸುರಿಗೆ ಹೂ ಮುಡಿಸಿ, ಬಳೆ ತೊಡಿಸಿ, ಆರತಿಗೆ ಕೂರಿಸಿದ್ದೆವು.

ಸ್ವಲ್ಪ ಹೊತ್ತಿಗೆ ಮುಂಚೆ ಅವಳ ಅತ್ತೆ ಆಕಾಶ ನೋಡಿ, "ಮೊಬೈಲಲ್ಲಿ ನೋಡಮ್ಮ, ಮಳೆ ಬರುತ್ತಾ? ಎಲ್ಲರನ್ನೂ ಒಳಗೆ ಕೂರಿಸ್ಲಾ?" ಎಂದು ನನ್ನನ್ನು ಕೇಳಿದ್ದರು.

ಹವಾಮಾನದ ಆ್ಯಪ್‌ನ ನಕ್ಷೆಯಲ್ಲಿ ಮಳೆಯ ನೀಲಿ ಇನ್ನೂ ಊರಾಚೆ ಇತ್ತು. ನಮ್ಮ ಬೀದಿಯ ಮೇಲೆ ಏನೂ ಇರಲಿಲ್ಲ. ಹಾಗೆಂದೇ ಹೇಳಿದೆ.

"ಬಂದ್ರೆ ಬರ್ಲಿ ಬಿಡಿ ಅತ್ತೆ, ಈ ರೇಷ್ಮೆ ಸೀರೇಲಿ ಇಡ್ಲಿ ಥರ ಬೇಯ್ತಾ ಇದೀನಿ," ಎಂದು ತಂಗಿ ನಕ್ಕಳು.

ಒಂದು ಹನಿಯೂ ಬೀಳಲಿಲ್ಲ. ಬಂದದ್ದು ಬರೀ ಗಾಳಿ. ಶಾಮಿಯಾನ ಉಬ್ಬಿ ಕಂಬಗಳು ನೆಲ ಬಿಟ್ಟವು. ತಂಗಿಯ ಕೈ ಹಿಡಿದು ಒಳಗೆ ಎಳೆದ ರಭಸಕ್ಕೆ ಹಸಿರು ಬಳೆಗಳು ನನ್ನ ಮುಷ್ಟಿಯಲ್ಲೇ ಒಡೆದವು. ಬಾಗಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ತಗಡಿನ ಶೀಟು ಹಾರಿ ಬಂದು ಅವಳು ಕೂತಿದ್ದ ಕುರ್ಚಿಯನ್ನು ಸೀಳಿತು.

ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ನೋಡಿ ಎಲ್ಲ ಸರಿಯಿದೆ ಎಂದರು. ಆದರೆ ಗೋಪಾಳದ ನನ್ನ ಮನೆಗೆ ಮರಳಿದ ಮೇಲೆ ಕಣ್ಣು ಮುಚ್ಚಿದರೆ ಆ ಶೀಟು ಬರುತ್ತಿತ್ತು, ಪ್ರತಿ ಸಲವೂ ನನ್ನ ಕೈ ತಡವಾಗುತ್ತಿತ್ತು. ಮುಂದಿನ ಗಾಳಿಗೆ ಅವಳ ಪಕ್ಕದಲ್ಲಿ ನಾನಿರದಿದ್ದರೆ?

ಸೀಮಂತದ ವಿಡಿಯೊದವರು ಬಿಟ್ಟೋಡಿದ ಕ್ಯಾಮೆರಾ ಕೆಳಗೆ ಬಿದ್ದೂ ಎಲ್ಲವನ್ನೂ ಹಿಡಿದಿತ್ತು. ಅದನ್ನು ಎಷ್ಟು ಸಲ ನೋಡಿದೆನೋ. ತಂಗಿ ಒಮ್ಮೆಯೂ ನೋಡಲಿಲ್ಲ. ನೋಡುತ್ತ ನೋಡುತ್ತ ಒಂದು ವಿಷಯ ಸ್ಪಷ್ಟವಾಯಿತು: ಗಾಳಿ ತನ್ನ ಕೆಲಸ ಮುಗಿಸಿದ ಎಷ್ಟೋ ಹೊತ್ತಿನ ಮೇಲೆ, ನೆಲಕ್ಕೆ ಬಿದ್ದ ಬಟ್ಟೆಯ ಮೇಲೆ ಮೊದಲ ಹನಿ ಬಿದ್ದಿತ್ತು. ಹುಡುಕಿ ಓದಿದಾಗ ಕಾರಣವೂ ತಿಳಿಯಿತು: ಎಲ್ಲೋ ಸುರಿಯುತ್ತಿರುವ ಮೋಡದಿಂದ ತಣ್ಣನೆಯ ಗಾಳಿ ನೆಲಕ್ಕಿಳಿದು ಮಳೆಗಿಂತ ಮುಂದೆ ಓಡುತ್ತದೆ. ನಕ್ಷೆ ಸುಳ್ಳು ಹೇಳಿರಲಿಲ್ಲ. ಅದರಲ್ಲಿ ಮಳೆಯಷ್ಟೇ ಇತ್ತು, ಗಾಳಿ ಇರಲಿಲ್ಲ.

ವಿಡಿಯೊವನ್ನು ಆ್ಯಪ್‌ನವರಿಗೆ ಕಳಿಸಿ ಇದನ್ನೇ ಬರೆದೆ. ಬೇರೆ ಊರುಗಳ ಮಾಹಿತಿಯೂ ಸಿಕ್ಕರೆ ಒಳ್ಳೆಯದು ಎಂದರು. ಕುಂಸಿಯಿಂದ ಶಂಕರಘಟ್ಟದವರೆಗಿನ ನೆಂಟರಿಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ಕೇಳತೊಡಗಿದೆ: ಗಾಳಿ ಎಷ್ಟೊತ್ತಿಗೆ ಬಂತು, ಮಳೆ ಎಷ್ಟೊತ್ತಿಗೆ?

"ಏನು ಮಾರಾಯ್ತಿ, ಹವಾಮಾನದ ಆಫೀಸೇ ತೆರೆದಿದೀಯಾ? ನಂಗೂ ಒಂದು ಕೆಲಸ ಕೊಡು," ಎಂದು ಕುಂಸಿಯ ಮಾವ ರೇಗಿಸಿದರು. ಎಲ್ಲರಿಗಿಂತ ಮೊದಲು ಉತ್ತರ ಬರುತ್ತಿದ್ದುದೂ ಅವರಿಂದಲೇ.

ಬಂದ ಉತ್ತರಗಳನ್ನೆಲ್ಲ ಆ್ಯಪ್‌ನವರಿಗೆ ಕಳಿಸಿದೆ. ಹಿಂಗಾರಿನ ಹೊತ್ತಿಗೆ ನಕ್ಷೆಯಲ್ಲಿ ನೀಲಿಯ ಮುಂದೆ ಕಿತ್ತಳೆ ಬಣ್ಣದ ಪಟ್ಟಿ ಕಾಣಿಸಿಕೊಂಡಿತು. ಅಲ್ಲಿ ಬಿರುಗಾಳಿ ಬರಬಹುದು ಎಂದು ಅರ್ಥ. ಅದು ತಪ್ಪುವುದೂ ಉಂಟು. ಸುಮ್ಮನೆ ಸಾಮಾನು ಒಳಗಿಟ್ಟ ದಿನಗಳಿವೆ. ಅದರಿಂದ ನಷ್ಟವೇನೂ ಇಲ್ಲ.

ಒಂದು ಸಂಜೆ ಆ ಪಟ್ಟಿ ಭದ್ರಾವತಿಯ ಮೇಲೆ ಬಂತು. ಕೂಡಲೇ ತಂಗಿಗೆ ಫೋನ್ ಮಾಡಿದೆ.

"ಮಗೂನ ಎತ್ಕೊಂಡು ಒಳಗೆ ಹೋಗೇ!"

"ಆಗ್ಲೇ ಬಂದಾಯ್ತು ಕಣೇ. ಒಣಗಿದ ಬಟ್ಟೆನೂ ತೆಗ್ದಿದೀನಿ. ನಿನ್ನ ಫೋನಿಗೆ ಕಾಯ್ತಾ ಕೂತಿರ್ತೀನಾ? ನಂಗೂ ಮೊಬೈಲ್ ನೋಡೋಕೆ ಬರುತ್ತೆ."

ಅವಳ ಮಾತಿನ ಹಿಂದೆ ಗಾಳಿ ಬಾಗಿಲು ಬಡಿಯುವುದು ಕೇಳಿಸಿತು. ಮಗು ಕಿರುಚಿತು. ಅವಳು ಅದನ್ನು ಸಮಾಧಾನ ಮಾಡುತ್ತ ಫೋನಿಟ್ಟಳು.

ಅಂದು ಊಟ ಮಾಡಿ ಮಲಗಿ ಕಣ್ಣು ಮುಚ್ಚಿದಾಗ ಆ ಶೀಟು ಬರಲಿಲ್ಲ. ನನಗೆ ಬೆಳಗ್ಗೆ ಹಾಲಿನವರು ಬೆಲ್ ಮಾಡಿದಾಗಲೇ ಎಚ್ಚರವಾದದ್ದು.