ತಿರುಗಿಸಿದರೂ ಜರುಗದ ತಗ್ಗು

ಪೀಣ್ಯದಲ್ಲಿ ಸ್ಟಿಕ್ಕರ್, ಫ್ಲೆಕ್ಸ್ ಮುದ್ರಿಸುವ ಒಂದು ಘಟಕದಲ್ಲಿ ನಾನು ಡಿಸೈನರ್. ನಮ್ಮ ಕಸುಬಿನಲ್ಲಿ ವಿನೈಲ್ ಎಂದರೆ ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ. ಹಾಗಾಗಿ ಮ್ಯಾನೇಜರ್ ಬಂದು, “ಆರಡಿ ವಿನೈಲ್ ರೆಕಾರ್ಡ್ ಮಾಡ್ಬೇಕು ಗುರು” ಅಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ವೈಟ್‌ಫೀಲ್ಡಿನ ಕಡೆ ಹೊಸದಾಗಿ ತೆರೆಯುತ್ತಿದ್ದ ಕಾಫಿ ಅಂಗಡಿಯೊಂದರ ಗೋಡೆಗೆ ಹಳೆಯ ಕಾಲದ ಹಾಡಿನ ತಟ್ಟೆಯ ಚಿತ್ರ ಬೇಕಾಗಿತ್ತು. “ಮುಟ್ಟಿದ್ರೆ ಗೀರು ಬೀಳುತ್ತೇನೋ ಅನ್ನಿಸ್ಬೇಕಂತೆ. ನೆಟ್ಟಲ್ಲಿ ಎತ್ಕೊಂಡಿದ್ದು ಬೇಡ್ವಂತೆ” ಎಂದರು.

ನಾನು ಅಂಥ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದವನೇ ಅಲ್ಲ. ರಾಜಗೋಪಾಲನಗರದಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿಯನ್ನು ಕೇಳಿದೆ. ಈ ನೆಲದಲ್ಲಿ ರಾಗಿ ಬೆಳೆದಿದ್ದ ಮನೆತನದ ಅಜ್ಜಿ ಅವರು. ಟ್ರಂಕಿನಿಂದ ಒಂದು ತಟ್ಟೆ ತೆಗೆದು, ಸೆರಗಿನಿಂದ ಒರೆಸಿ ಕೊಟ್ಟರು. “ಇಂಗೆ ಅಂಚು ಇಡ್ಕೊಳಪ್ಪ, ಗೀಟಿನ ಮ್ಯಾಲೆ ಬೆಳ್ಳು ಆಕ್ಬ್ಯಾಡ” ಅಂದರು.

ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದೆ. ಬರೀ ಕಪ್ಪು ಅಂದುಕೊಂಡಿದ್ದು ಸಾವಿರ ಸಣ್ಣ ಗೀರುಗಳಾಗಿತ್ತು. ಬೆಳಕು ಅದರ ಮೇಲೆ ಎದುರು ಬದುರಾಗಿ ಎರಡು ಬೀಸಣಿಗೆಗಳಂತೆ ಹರಡಿಕೊಂಡಿತ್ತು. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ನುಣುಪಾದ, ಕೂದಲೆಳೆಯಷ್ಟು ಅಗಲದ ಖಾಲಿ ಜಾಗ.

ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದೆ. ಕಪ್ಪು ವೃತ್ತ ಎಳೆದು, ಅದರ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳನ್ನು ಎರಚಿ, ಅವನ್ನು ಗರಗರ ಸುತ್ತಿಸಿ ಮಸುಕಾಗಿಸಿದರೆ ಚುಕ್ಕೆಗಳು ಗೀರುಗಳಾಗುತ್ತವೆ. ಬೆಳಕಿನ ಬೀಸಣಿಗೆಗಳನ್ನು ಬೇರೆ ಪದರದಲ್ಲಿ ಮಾಡಿಟ್ಟೆ. ಮಧ್ಯಾಹ್ನದ ಹೊತ್ತಿಗೆ ತಟ್ಟೆ ನಿಜಕ್ಕೂ ಮಿನುಗತೊಡಗಿತು. ಆಗಲೇ ಕಂಡದ್ದು: ನಡುವಿನ ಲೇಬಲ್ಲಿನ ಬಲಕ್ಕೆ ಗೀರುಗಳು ಒಂದು ಕಡೆ ಒಳಕ್ಕೆ ಕುಸಿದಿದ್ದವು. ಹೆಬ್ಬೆರಳಿನಿಂದ ಒತ್ತಿದ ಹಾಗೆ.

ಎಲ್ಲೋ ತಪ್ಪಾಗಿದೆ ಅಂದುಕೊಂಡು ಅಲ್ಲಿ ಹೊರಕ್ಕೆ ಎಳೆದು ಸರಿಮಾಡತೊಡಗಿದೆ. ಹಿಂದೆ ಬಂದು ನಿಂತ ಮ್ಯಾನೇಜರ್, “ಯಾಕೆ ಗುರು ಉಬ್ಬಿಸ್ತಿದ್ದೀಯ? ರೌಂಡಾಗೇ ಇತ್ತಲ್ಲ” ಅಂದರು.

“ಇಲ್ಲಿ ತಗ್ಗಿದೆಯಲ್ಲ ಸಾರ್.”

“ಎಲ್ಲಿ ತಗ್ಗು? ಊಟ ಮಾಡ್ಕೊಂಡ್ ಬಾ ಹೋಗು” ಎಂದು ನಕ್ಕು ಹೋದರು.

ನಾನು ಮಾಡಿದ ತಿದ್ದುಪಡಿ ಅಳಿಸಿ, ಇಡೀ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದೆ. ತಗ್ಗು ಅದರ ಜೊತೆ ತಿರುಗಲಿಲ್ಲ. ಅರ್ಧ ಸುತ್ತು ತಿರುಗಿಸಿದೆ. ಅಲ್ಲೇ ಇತ್ತು. ನನ್ನ ನೋಟ ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಬರುತ್ತಿತ್ತು. ಎಡಗಣ್ಣು ಮುಚ್ಚಿದೆ. ತಟ್ಟೆ ದುಂಡಗಿತ್ತು. ಬಲಗಣ್ಣು ಮುಚ್ಚಿದೆ. ಗೀರುಗಳೆಲ್ಲ ಕದಡಿದ ನೀರಿನಂತೆ ಬಾಗಿ, ನಟ್ಟನಡುವೆ ನಾಣ್ಯದಷ್ಟಗಲ ಒಂದು ಬೂದು ಕಲೆ ಕುಳಿತಿತ್ತು. ಕಪ್ಪು ಬಣ್ಣ ಕಪ್ಪಾಗಿರಲಿಲ್ಲ, ಹಳಸಿದ ಡಿಕಾಕ್ಷನ್ನಿನ ಹಾಗಿತ್ತು.

ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ನನಗಿಂತ ಹಿರಿಯ ಡಿಸೈನರ್ ಒಬ್ಬರಿದ್ದರು. ಅವರ ದೃಷ್ಟಿ ಮಂದವಾದಾಗ ಲ್ಯಾಮಿನೇಷನ್ ಮೆಷಿನ್ನಿಗೆ ಹಾಕಿದ್ದರು. ಹಾಳೆ ಒಳಗೆ ತಳ್ಳುವ ಕೆಲಸ. ಆರು ತಿಂಗಳಲ್ಲಿ ಬರುವುದನ್ನೇ ಬಿಟ್ಟರು. ನನಗೆ ಬೇರೆ ಯಾವ ವಿದ್ಯೆಯೂ ಗೊತ್ತಿಲ್ಲ.

ಮುಂದಿನ ನಾಲ್ಕು ದಿನ ಹೇಗೆ ಕಳೆದೆನೋ. ಬಸ್ಸಿನ ಕಂಬಿ, ಬಚ್ಚಲಿನ ಟೈಲ್ಸು, ಕಿಟಕಿಯ ಸರಳು, ನೇರ ಗೆರೆ ಕಂಡಲ್ಲೆಲ್ಲ ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದೆ. ಎಲ್ಲವೂ ಬಾಗುತ್ತಿದ್ದವು. ಬಲಗಣ್ಣಿಗೂ ಬಂದುಬಿಟ್ಟರೆ ಎಂಬ ಯೋಚನೆ ಬಂದಾಗಲೆಲ್ಲ ಕೈ ಬೆವರಿ ಮೌಸು ಜಾರುತ್ತಿತ್ತು. ಬೆಳಿಗ್ಗೆ ಎಚ್ಚರವಾದರೂ ಕಣ್ಣು ತೆರೆಯಲು ಧೈರ್ಯ ಸಾಲದೆ ಸುಮ್ಮನೆ ಮಲಗಿರುತ್ತಿದ್ದೆ.

ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಗದಗದ ಕಡೆಯವಳು. ಭಾನುವಾರ ಊಟಕ್ಕೆ ಕೂತಾಗ ಅವಳು ರೊಟ್ಟಿ ಬಡಿಸುವ ಕೈ ನಿಲ್ಲಿಸಿದಳು.

“ಯಾಕ್ರೀ, ಒಂದ್ ಕಣ್ಣ ಮುಚ್ಚಿ ಉಣ್ಣಾಕತ್ತೀರಿ?”

“ಧೂಳು ಬಿದ್ದಿದೆ.”

“ನಾಕ್ ದಿನದಿಂದ ಧೂಳೇನ್ರಿ?”

ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. “ಕೆಲಸ ಹೋದ್ರ ಹೋಗ್ಲಿ. ಕಣ್ಣ ಹೋದ್ರ ಎಲ್ಲಿಂದ ತರೂದು? ನಾಳೆ ದವಾಖಾನಿಗೆ ಹೋಗೂಣು” ಎಂದಳು. ಸೋಮವಾರ ಅವಳೂ ರಜೆ ಹಾಕಿದಳು.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಹೊತ್ತು ಹೋದಂತೆ ಇಡೀ ಜಗತ್ತು ಬೆಳ್ಳಗೆ ಕರಗಿತು, ಹೆಂಡತಿಯ ಮುಖ ಕೂಡ. ಕುರುಡು ಅಂದರೆ ಹೀಗೇ ಇರುತ್ತದೇನೋ ಅನ್ನಿಸಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, “ಕಣ್ಣಿನ ಪರದೆ ಕೆಳಗೆ ನೀರು ತುಂಬಿದೆ. ಅದಕ್ಕೇ ಗೆರೆ ಬಾಗ್ತಿರೋದು. ಯಾವ್ದಾದ್ರೂ ಮಾತ್ರೆ ತಗೋತಿದ್ದೀರಾ?” ಎಂದು ಕೇಳಿದರು.

ಇಲ್ಲ ಎಂದೆ. ಹೆಂಡತಿ ಬಿಡಲಿಲ್ಲ. “ತುರಿಕಿ ಗುಳಗಿ ನುಂಗ್ತಾರ್ರೀ ಮೇಡಮ್ಮರ.”

ಇಂಕಿನ ವಾಸನೆಗೋ ಏನೋ ನನ್ನ ಕೈಗಳಲ್ಲಿ ತುರಿಕೆ ಎದ್ದಿತ್ತು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತಂದಿದ್ದ ಮಾತ್ರೆಯನ್ನು ಮೂರು ತಿಂಗಳಿಂದ ನುಂಗುತ್ತಿದ್ದೆ. ಹೆಂಡತಿ ತನ್ನ ಪರ್ಸಿನಲ್ಲಿದ್ದ ಆ ಮಾತ್ರೆಯ ಖಾಲಿ ಪಟ್ಟಿಯನ್ನು ಡಾಕ್ಟರ್ ಮುಂದಿಟ್ಟಳು. “ಇದು ಸ್ಟೀರಾಯ್ಡ್. ಇದರಿಂದ್ಲೇ ಆಗಿರ್ಬಹುದು” ಎಂದು, ಅದನ್ನು ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸುವುದು ಹೇಗೆಂದು ಅವರು ಬರೆದುಕೊಟ್ಟರು. ನೀರು ತಾನಾಗಿಯೇ ಇಂಗಬಹುದು, ಇಂಗದೆಯೂ ಇರಬಹುದು, ಪ್ರತಿ ತಿಂಗಳು ಬಂದು ತೋರಿಸಿ ಎಂದರು. ‘ಇಂಗದೆಯೂ’ ಎಂಬ ಆ ಒಂದು ಮಾತೇ ನನ್ನ ಕಿವಿಯಲ್ಲಿ ಉಳಿಯಿತು.

ಮರುದಿನ ಮ್ಯಾನೇಜರಿಗೆ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕ ಕೂತು, “ಕಲರ್ ನಾನ್ ನೋಡ್ತೀನಿ, ನೀನ್ ಮಾಡು” ಅಂದರು. ಕನ್ನಡಕದ ಎಡಗಾಜಿಗೆ ಕಾಗದ ಅಂಟಿಸಿಕೊಂಡು, ಕಣ್ಣನ್ನು ನಂಬದೆ ಅಳತೆಯ ಅಂಕಿಗಳನ್ನು ನಂಬಿ ಆ ತಟ್ಟೆ ಮುಗಿಸಿದೆ. ಮುದ್ರಣವಾಗಿ ಹೊರಬರುವಾಗ ಹತ್ತಿರ ಹೋಗಲು ಭಯವಾಗಿ ಶಟರ್ ಬಳಿಯೇ ನಿಂತಿದ್ದೆ. “ದುಂಡಗಿದೆ ಕಣೋ, ಬಾ” ಎಂದು ಅವರೇ ಕೂಗಿ ಕರೆದರು.

ಮೊದಲ ತಿಂಗಳು ನೀರು ಹಾಗೇ ಇತ್ತು. ಎರಡನೆಯ ತಿಂಗಳು ಕೂದಲಷ್ಟು ತಗ್ಗಿತ್ತು. ನಾಲ್ಕನೆಯ ಸಲ ಒಬ್ಬನೇ ಹೋಗಿದ್ದೆ. ಡಾಕ್ಟರಮ್ಮ ಹಳೆಯ ಸ್ಕ್ಯಾನನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, “ನೋಡಿ, ಪೂರ್ತಿ ಇಂಗಿದೆ. ಆದ್ರೆ ಮತ್ತೆ ಬರಬಹುದು, ಹುಷಾರು” ಎಂದರು.

ಹೆಂಡತಿಗೆ ಹೇಳಬೇಕೆಂದರೆ ಶಿಫ್ಟಿನಲ್ಲಿ ಅವಳ ಫೋನು ಲಾಕರಿನಲ್ಲಿರುತ್ತದೆ. ಫ್ಯಾಕ್ಟರಿ ಗೇಟಿನ ಎದುರು, ಕಡಲೆಕಾಯಿ ಗಾಡಿಯ ಪಕ್ಕ ಸಂಜೆ ಐದೂವರೆಯವರೆಗೆ ಕಾದೆ. ಗುಂಪಿನೊಳಗೆ ನನ್ನನ್ನು ಕಂಡವಳೇ ಅವಳು ಬಿಳಿಚಿಕೊಂಡು ನಿಂತುಬಿಟ್ಟಳು. ಕೆಟ್ಟ ಸುದ್ದಿ ಹೇಳಲೆಂದೇ ಬಂದಿದ್ದೇನೆ ಅಂದುಕೊಂಡಿದ್ದಳಂತೆ. ನಾನು ದೂರದಿಂದಲೇ, “ಒಣಗಿದೆಯಂತೆ!” ಎಂದು ಕೂಗಿದೆ. ಅವಳು ನಡುರಸ್ತೆಯಲ್ಲೇ ಚೀಲ ಕೆಳಗಿಟ್ಟು, ಆ ಭಾನುವಾರ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು.