ಗಡ್ಡದೆಣ್ಣೆಯ ಸೀಸೆ

ಹುಸೇನಬಿ ಸೀಸೆಯ ಬಿರಡೆ ತೆಗೆದು ಮೂಸಿದವರೇ ಸೆರಗಿನಿಂದ ಅದರ ಬಾಯಿ ಒರೆಸಿ ಮತ್ತೊಮ್ಮೆ ಮೂಸಿದರು. ಎಂಬತ್ತರ ದಶಕದ ಮಾತು. ಬೆಟಗೇರಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ತೀರಿಹೋದ ಗಂಡ ಗಡ್ಡಕ್ಕೆ ಹಚ್ಚುತ್ತಿದ್ದ, ಅತ್ತರು ಬೆರೆಸಿದ ಎಳ್ಳೆಣ್ಣೆ ಅದರಲ್ಲಿತ್ತು. ಅಪ್ಪನನ್ನು ನೋಡಿಯೇ ಇರದ ಮಗಳಿಗೆ ಅಪ್ಪನ ವಾಸನೆಯಾದರೂ ಗೊತ್ತಾಗಲೆಂದು ಅದನ್ನು ಜತನ ಮಾಡಿದ್ದರು. ಈಗ ಕೋಣೆಯ ತುಂಬ ಕಮಟು ನಾತ.

“ಕೆಡಬಾರದಂತ ಪ್ರತಿ ಬ್ಯಾಸಗ್ಯಾಗ ಉಪ್ಪಿನಕಾಯಿ ಭರಣಿ ಜೋಡಿ ಬಿಸಲಾಗ ಇಡ್ತಿದ್ನಲ್ರಿ, ಅಕ್ಕಾರ!” ಎಂದು ನನ್ನ ಕೈ ಹಿಡಿದರು. ಉಪ್ಪಿನಕಾಯಿಯನ್ನು ಕೆಡದಂತೆ ಕಾಯುವ ಬಿಸಿಲೇ ಎಣ್ಣೆಯನ್ನು ಕೆಡಿಸಿತ್ತು.

ಮಗಳು ಸೀಸೆಗೆ ಮೂಗಿಟ್ಟು ಮುಖ ಕಿವುಚಿದಳು. “ನಮ್ಮ ಅಬ್ಬಾ ಹಿಂಗ ನಾರತಿದ್ರೇನಮ್ಮಾ?”

ಅಲ್ಲ ಎಂದು ತೋರಿಸಲು ಹುಸೇನಬಿಯ ಬಳಿ ಇನ್ನೇನೂ ಉಳಿದಿರಲಿಲ್ಲ. ಇಂದಿಗೂ ಭರಣಿ ಹೊತ್ತು ಮಾಳಿಗೆ ಹತ್ತಿದರೆ ನನಗೆ ಆ ಬಿಸಿಲಿನ ಮೇಲೆ ಸಿಟ್ಟು ಬರುತ್ತದೆ.